ಕೂತಲ್ಲೇ ಕೂರದ ಮಂಡಿ

ನಮ್ಮ ಚಿಕ್ಕಮ್ಮನಿಗೆ ಒಂದೇ ವಾರದಲ್ಲಿ ಎರಡು ಉಪದೇಶ ಸಿಕ್ಕವು. ಮೊದಲನೆಯದು ವಾಟ್ಸಾಪ್‌ನಲ್ಲಿ ಬಂದಿದ್ದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡುವವರಿಗೆ ಮಂಡಿ ನೋವೇ ಬರುವುದಿಲ್ಲ, ನಮ್ಮ ಹಿರಿಯರು ಇದನ್ನೆಲ್ಲ ಸುಮ್ನೆ ಮಾಡಿದ್ದಲ್ಲ, ಹತ್ತು ಜನರಿಗೆ ಕಳಿಸಿ. ಎರಡನೆಯದು ಮೂಳೆ ಡಾಕ್ಟರು ಕೊಟ್ಟ ಚೀಟಿ. ನೆಲದ ಮೇಲೆ ಕೂರಬೇಡಿ, ಕುಕ್ಕರಗಾಲು ಬೇಡ, ಮಂಡಿ ಊರಬೇಡಿ, ಕಮೋಡ್ ಬಳಸಿ. ಚಿಕ್ಕಮ್ಮ ಎರಡನ್ನೂ ನನ್ನ ಮುಂದಿಟ್ಟು, ‘ಓದಿದವನು ನೀನು, ಹೇಳು’ ಅಂದರು. ಅವರ ಮಂಡಿ ಆಗಲೇ ಸವೆದಿದೆ, ಹಾಗಾಗಿ ಅವರ ಮಟ್ಟಿಗೆ ಡಾಕ್ಟರ ಚೀಟಿಯೇ ಸರಿ. ಅದನ್ನು ಹೇಳಿದೆ. ಆದರೆ ಆ ಚೀಟಿ ಅಲ್ಲಿಗೇ ನಿಲ್ಲಲಿಲ್ಲ. ಮೂವತ್ತು ವರ್ಷದ ಅವರ ಮಗಳು ಅದನ್ನು ಓದಿ, ಅವತ್ತಿನಿಂದ ಚಾಪೆ ಮೇಲೆ ಕೂರುವುದನ್ನು ಬಿಟ್ಟಳು. ಅವಳ ಮಂಡಿಗೆ ಏನೂ ಆಗಿರಲಿಲ್ಲ.

ಅಲ್ಲಿಂದ ನನಗೆ ಈ ವಿಷಯ ತಲೆ ತಿನ್ನತೊಡಗಿತು. ಹೊಗಳುವವರಾಗಲಿ ಬೇಡ ಅನ್ನುವವರಾಗಲಿ, ನೆಲದ ಮೇಲೆ ಕೂರುವುದನ್ನು ಒಂದು ಗುಳಿಗೆಯ ಹಾಗೆ ಮಾತಾಡುತ್ತಾರೆ. ತಗೊಂಡರೆ ಒಳ್ಳೆಯದು, ಅಥವಾ ತಗೊಂಡರೆ ಕೆಟ್ಟದ್ದು. ಕೆಳಗೆ ಕೂತಾಗ ಒಳಗೆ ಆ ಕೀಲು ಏನು ಮಾಡುತ್ತದೆ ಅಂತ ಯಾರೂ ಹೇಳುವುದಿಲ್ಲ. ಚೆನ್ನಾಗಿರುವ ಮಂಡಿಯೊಂದು ಚಾಪೆಯ ಮೇಲೆ ಹೇಗೆ ಮಡಚಿಕೊಳ್ಳುತ್ತದೆ, ಎಷ್ಟು ಹೊತ್ತು ತಡೆಯುತ್ತದೆ, ಯಾವಾಗ ಸಾಕು ಅನ್ನುತ್ತದೆ? ಇಷ್ಟು ತಿಳಿದರೆ ಆ ಎರಡು ಉಪದೇಶಗಳ ಜಗಳ ಅರ್ಧ ಮುಗಿಯುತ್ತದೆ ಅಂತ ನನಗೆ ಅನಿಸಿತು. ನಾನು ಡಾಕ್ಟರ್ ಅಲ್ಲ. ಓದಿದ್ದು, ಕೇಳಿದ್ದು, ಕೂತು ನೋಡಿದ್ದು, ಇಷ್ಟೇ ನನ್ನ ಬಂಡವಾಳ.

ಎರಡು ಗುಂಡು, ಎರಡು ದಾರಿ

ಗೆಳತಿಯೊಬ್ಬಳು ಫಿಸಿಯೋಥೆರಪಿಸ್ಟ್. ಅವಳ ಕೋಣೆಯಲ್ಲಿ ಒಂದು ಪ್ಲಾಸ್ಟಿಕ್ ಮಂಡಿ ಇದೆ. ರಬ್ಬರ್ ಪಟ್ಟಿಗಳೇ ಅದಕ್ಕೆ ಲಿಗಮೆಂಟ್, ಅಂದರೆ ಮೂಳೆಯನ್ನು ಮೂಳೆಗೆ ಕಟ್ಟಿಡುವ ಪಟ್ಟಿ. ನಾನು ಹೋದಾಗ ಅವಳು ಮಾತಿನ ನಡುವೆ ಅದನ್ನು ಕೈಗೆ ಕೊಟ್ಟು, ‘ಮಡಚು’ ಅಂದಳು. ನಾನು ಬಾಗಿಲು ಮುಚ್ಚುವ ಹಾಗೆ ಮಡಚಿದೆ. ಅರ್ಧಕ್ಕೆ ಬಂದಾಗ ರಬ್ಬರ್ ಬಿಗಿಯಾಗಿ, ಮುಂದೆ ಹೋಗಲು ಒಪ್ಪಲಿಲ್ಲ. ಅವಳು ಕೆಳಗಿನ ಮೂಳೆಯನ್ನು ಹಿಡಿದು ಒಂಚೂರು ಒಳಕ್ಕೆ ತಿರುಗಿಸಿದಳು. ತಟ್ಟನೆ ಸಡಿಲವಾಗಿ ಪೂರ್ತಿ ಮಡಚಿಕೊಂಡಿತು. ‘ಮಂಡಿ ಬಾಗಿಲ ಕೀಲಲ್ಲ’ ಅಂತ ಅವಳು ಹೇಳಲೇಬೇಕಾಗಿರಲಿಲ್ಲ. ಆದರೂ ಹೇಳಿದಳು, ಅವಳಿಗೆ ಪಾಠ ಮಾಡುವ ಚಟ.

ಆಮೇಲೆ ಮೇಲಿನ ಮೂಳೆಯನ್ನು ಕಳಚಿಟ್ಟು ಕೆಳಗಾಲಿನ ಮೂಳೆಯ ತಲೆಯ ಮೇಲೆ ಬೆರಳಾಡಿಸು ಅಂದಳು. ಅಲ್ಲಿ ಎರಡು ತಟ್ಟೆಗಳಿವೆ. ಒಳಗಡೆಯದು, ಅಂದರೆ ಇನ್ನೊಂದು ಕಾಲಿನ ಕಡೆಗಿರುವುದು, ನಡುವೆ ಸ್ವಲ್ಪ ತಗ್ಗಾಗಿದೆ. ಹೊರಗಡೆಯದು ತಗ್ಗಿಲ್ಲ, ಮುಂದಿನಿಂದ ಹಿಂದಕ್ಕೆ ಬೆರಳು ಎಳೆದರೆ ಸ್ವಲ್ಪ ಉಬ್ಬೇ ಸಿಗುತ್ತದೆ. ತೊಡೆಮೂಳೆಯ ಕೆಳತುದಿಯಲ್ಲಿ ಎರಡು ಗುಂಡುಗಳಿವೆ, ಒಂದೊಂದು ತಟ್ಟೆಯ ಮೇಲೆ ಒಂದೊಂದು ಕೂರುತ್ತದೆ. ತಗ್ಗಿನಲ್ಲಿ ಕೂತ ಒಳಗುಂಡು ಹೆಚ್ಚು ಅಲುಗದೆ ಅಲ್ಲಲ್ಲೇ ತಿರುಗುತ್ತದೆ. ಉಬ್ಬಿನ ಮೇಲಿರುವ ಹೊರಗುಂಡು ಮಂಡಿ ಮಡಚಿದಷ್ಟೂ ಹಿಂದೆ ಹಿಂದೆ ಉರುಳುತ್ತಾ, ಜಾರುತ್ತಾ ಹೋಗುತ್ತದೆ. ಒಂದು ಕಡೆ ನಿಂತು, ಇನ್ನೊಂದು ಕಡೆ ಹಿಂದಕ್ಕೆ ಸರಿದರೆ ಏನಾಗುತ್ತದೆ? ತೊಡೆಮೂಳೆಗೆ ಹೋಲಿಸಿದರೆ ಕೆಳಗಾಲು ಒಳಕ್ಕೆ ತಿರುಗುತ್ತದೆ. ನೀವು ತಿರುಗಿಸಬೇಕಿಲ್ಲ. ಮೂಳೆಯ ಆಕಾರವೇ ತಿರುಗಿಸುತ್ತದೆ.

ಕಾಲು ನೆಟ್ಟಗೆ ಮಾಡುವಾಗ ಇದು ಉಲ್ಟಾ. ಪೂರ್ತಿ ಚಾಚುವ ಕೊನೆಯ ಹಂತದಲ್ಲಿ ಕೆಳಗಾಲು ಒಂಚೂರು ಹೊರಕ್ಕೆ ತಿರುಗಿ ಬಿಗಿಯಾಗಿ ಕೂರುತ್ತದೆ. ಹಾಗಾಗಿಯೇ ಬಸ್ ಸ್ಟಾಪಿನಲ್ಲಿ ಅರ್ಧ ಗಂಟೆ ನಿಂತರೂ ತೊಡೆಯ ಸ್ನಾಯು ಸುಸ್ತಾಗುವುದಿಲ್ಲ. ಮತ್ತೆ ಮಡಚಲು ಆ ಬಿಗಿಯನ್ನು ಬಿಡಿಸಬೇಕು. ಆ ಕೆಲಸಕ್ಕೆಂದೇ ಮಂಡಿಯ ಹಿಂದೆ ಪಾಪ್ಲಿಟಿಯಸ್ ಎಂಬ ಪುಟ್ಟ ಸ್ನಾಯು ಇದೆ. ನಂಬಿಕೆ ಬರದಿದ್ದರೆ ಈಗಲೇ ಕುರ್ಚಿಯ ಮೇಲೆ ಕೂತು ಕಾಲು ಇಳಿಬಿಡಿ. ತೊಡೆ ಅಲುಗಿಸದೆ ಪಾದವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ. ತಿರುಗುತ್ತದೆ ಅಲ್ವಾ? ಪಾದದ ಜೊತೆ ಇಡೀ ಕೆಳಗಾಲೇ ತಿರುಗುವುದು ಕೈ ಇಟ್ಟರೆ ಗೊತ್ತಾಗುತ್ತದೆ. ಈಗ ಕಾಲನ್ನು ನೆಟ್ಟಗೆ ಚಾಚಿ ಮತ್ತೆ ತಿರುಗಿಸಿ. ಈಗ ತಿರುಗುವುದು ಸೊಂಟದಿಂದ. ಮಂಡಿ ಬೀಗ ಹಾಕಿಕೊಂಡಿದೆ.

ಗುಂಡು ಮತ್ತು ತಟ್ಟೆಯ ನಡುವೆ ಅರ್ಧಚಂದ್ರದ ಹಾಗಿರುವ ಎರಡು ಮೆತ್ತೆಗಳಿವೆ, ಅವೇ ಮೆನಿಸ್ಕಸ್. ಪೇಪರಿನ ಕ್ರೀಡಾ ಪುಟ ಓದುವವರಿಗೆ ಆಟಗಾರರ ದಯೆಯಿಂದ ಈ ಹೆಸರು ಗೊತ್ತು. ಇವು ಅಂಟಿಸಿಟ್ಟ ವಾಷರ್ ಅಲ್ಲ. ಗುಂಡು ಹಿಂದೆ ಸರಿದಾಗ ಇವೂ ಹಿಂದೆ ಸರಿಯುತ್ತವೆ. ಹೊರಗಿನದು ಸಡಿಲವಾಗಿದೆ, ಜಾಸ್ತಿ ಓಡಾಡುತ್ತದೆ. ಒಳಗಿನದು ಪಕ್ಕದ ಲಿಗಮೆಂಟಿಗೆ ಹೊಂದಿಕೊಂಡು ಬಿಗಿಯಾಗಿದೆ, ಅಷ್ಟು ಓಡಾಡುವುದಿಲ್ಲ. ಒಳಗಿನದರ ಈ ಬಿಗಿಯನ್ನು ನೆನಪಿಡಿ, ಮುಂದಿನ ತಾಪತ್ರಯ ಎಲ್ಲ ಅಲ್ಲೇ ಇದೆ.

ಕುರ್ಚಿಯ ಮಂಡಿ, ಚಾಪೆಯ ಮಂಡಿ

ಸಮನಾದ ದಾರಿಯಲ್ಲಿ ನಡೆಯಲು ಮಂಡಿ ಸುಮಾರು 60 ಡಿಗ್ರಿ ಮಡಚಿದರೆ ಸಾಕು. ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಲು 90ರ ಆಸುಪಾಸು. ಆಫೀಸು, ಕಾರು, ಸೋಫಾ, ಕಮೋಡ್ ಅಂತ ಬದುಕುವ ಮನುಷ್ಯ 100 ಡಿಗ್ರಿಯ ಆಚೆಗೆ ತನ್ನ ಮಂಡಿಯನ್ನು ತಿಂಗಳುಗಟ್ಟಲೆ ಒಯ್ಯದೇ ಇರಬಹುದು. ಚಕ್ಕಳಮಕ್ಕಳ, ಕುಕ್ಕರಗಾಲು, ಮಂಡಿ ಊರಿ ಕೂರುವುದು, ಇವಕ್ಕೆ ಬೇಕಾಗುವುದು 111ರಿಂದ 165 ಡಿಗ್ರಿ ಅಂತ 2001ರ ಒಂದು ಸಮೀಕ್ಷಾ ಲೇಖನ ಲೆಕ್ಕ ಕೊಟ್ಟಿದೆ. ಆ ಲೆಕ್ಕ ಯಾಕೆ ಹಾಕಿದರು ಅನ್ನುವುದೂ ಸ್ವಾರಸ್ಯವೇ. ಕೃತಕ ಮಂಡಿಗಳನ್ನು ಮೊದಲು ಮಾಡಿದ್ದು ಕುರ್ಚಿಯ ದೇಶಗಳವರು, ಕುರ್ಚಿಯ ಜನರಿಗಾಗಿ. ಅವು ಸಾಮಾನ್ಯವಾಗಿ 110, 120ರ ತನಕ ಮಡಚುತ್ತವೆ. ಏಷ್ಯಾದಲ್ಲಿ ಆಪರೇಷನ್ ಮಾಡಿಸಿಕೊಂಡವರು ‘ನೋವು ಹೋಯಿತು, ಆದರೆ ಪೂಜೆಗೆ ಕೂರಲು ಆಗಲ್ಲ, ನಮಾಜಿಗೆ ಕೂರಲು ಆಗಲ್ಲ’ ಅನ್ನತೊಡಗಿದಾಗ, ಇಲ್ಲಿಯ ಜನ ನಿಜಕ್ಕೂ ಎಷ್ಟು ಮಡಚುತ್ತಾರೆ ಅಂತ ಅಳೆಯಬೇಕಾಯಿತು.

120 ದಾಟಿದ ಮೇಲೆ ಒಳಗೆ ನಡೆಯುವುದು ಬೇರೆಯೇ ಆಟ. 2000ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಪಾನಿನ 20 ಮಂಡಿಗಳನ್ನು 162 ಡಿಗ್ರಿಯ ತನಕ ಮಡಚಿ ಎಂ.ಆರ್.ಐ.ಯಲ್ಲಿ ನೋಡಿದರು. ಜಪಾನಿಗರನ್ನೇ ಯಾಕೆ ಅಂದರೆ, ಹಿಮ್ಮಡಿಯ ಮೇಲೆ ಕೂರುವ ಸೇಜಾ ಅವರಿಗೆ ಚಿಕ್ಕಂದಿನಿಂದ ಬಂದದ್ದು. ನಮ್ಮ ವಜ್ರಾಸನದ ಥರದ್ದೇ. 90 ಡಿಗ್ರಿ ದಾಟಿ ಮಡಚುತ್ತಾ ಹೋದಂತೆ ಹೊರಗುಂಡು ಸುಮಾರು 15 ಮಿಲಿಮೀಟರ್ ಹಿಂದೆ ಸರಿದಿತ್ತು, ಒಳಗುಂಡು ಸುಮಾರು 4. ಕೊನೆಗೆ ಹಿಮ್ಮಡಿ ಹಿಂಭಾಗಕ್ಕೆ ತಾಗುವ ಹೊತ್ತಿಗೆ ಹೊರಗುಂಡು ತಟ್ಟೆಯ ಹಿಂದಿನ ಅಂಚಿಗೇ ಹೋಗಿತ್ತು. ಅದರ ಮೆನಿಸ್ಕಸ್ ಕೂಡ ಅಂಚು ದಾಟಿ ಹಿಂದಕ್ಕೆ ಜಾರಿತ್ತು. ಕಾಲು ಚಾಚಿದ ಮಂಡಿಯಲ್ಲಿ ಈ ಚಿತ್ರ ಕಂಡರೆ ಕೀಲು ತಪ್ಪಿದೆ ಅನ್ನಬೇಕು. ಪೂರ್ತಿ ಮಡಚಿದ ಆರೋಗ್ಯವಂತ ಮಂಡಿಯಲ್ಲಿ ಅದೇ ಸಹಜ. ಒಳಗಡೆ ಮಾತ್ರ ಬಿಗಿಯಾದ ಮೆನಿಸ್ಕಸ್ ಓಡಿಹೋಗಲು ಜಾಗವಿಲ್ಲದೆ, ಅದರ ಹಿಂಭಾಗ ಎರಡು ಮೂಳೆಗಳ ನಡುವೆ ಸಿಕ್ಕಿಕೊಂಡಿತ್ತು.

ಈ ಹಂತದಲ್ಲಿ ಇನ್ನೊಂದು ಸಹಾಯ ಸಿಗುತ್ತದೆ. ತೊಡೆಯ ಹಿಂಭಾಗ ಮೀನಖಂಡಕ್ಕೆ ಒತ್ತಿಕೊಳ್ಳುತ್ತದೆ. ಮೈಭಾರದ ಒಂದು ಪಾಲು ಮಾಂಸದಿಂದ ಮಾಂಸಕ್ಕೆ ದಾಟಿ, ಮಂಡಿಯ ಒಳಗಿನ ಒತ್ತಡ ಇಳಿಯುತ್ತದೆ. ಮಂಡಿಯ ಮುಂದಿರುವ ಚಿಪ್ಪೂ ಅಷ್ಟೇ. ಕಾಲು ಚಾಚಿದ್ದಾಗ ಮೇಲಿದ್ದ ಚಿಪ್ಪು ಪೂರ್ತಿ ಮಡಚುವಷ್ಟರಲ್ಲಿ ಏಳೆಂಟು ಸೆಂಟಿಮೀಟರ್ ಕೆಳಗಿಳಿದು ಎರಡು ಗುಂಡುಗಳ ನಡುವಿನ ಸಂದಿಗೆ ಇಳಿದಿರುತ್ತದೆ. ಅದರ ಮೇಲಿನ ದಪ್ಪ ಸ್ನಾಯುಬಂಧವೇ ತೊಡೆಮೂಳೆಗೆ ಒರಗಿ ಭಾರ ಹಂಚಿಕೊಳ್ಳುತ್ತದೆ. ಕುಕ್ಕರಗಾಲಲ್ಲಿ ಪೂರ್ತಿ ಕೆಳಗೆ ಕೂತವನಿಗೆ ಆರಾಮ ಅನಿಸುವುದು, ಅರ್ಧಕ್ಕೆ ಬಗ್ಗಿ ನಿಂತವನಿಗೆ ತೊಡೆ ನಡುಗುವುದು ಇದಕ್ಕೇ.

ನಾವು ಕೂರುವ ಬಗೆ ಮೂಳೆಯ ಮೇಲೂ ಗುರುತು ಬಿಡುತ್ತದೆ. ಹ್ಯಾವೆಲಾಕ್ ಚಾರ್ಲ್ಸ್ ಎಂಬ ಬ್ರಿಟಿಷ್ ಅಂಗರಚನಾ ಪ್ರೊಫೆಸರ್ ಲಾಹೋರಿನಲ್ಲಿದ್ದಾಗ ಪಂಜಾಬಿಗಳ ಕಾಲಿನ ಮೂಳೆಗಳನ್ನು ನೋಡಿ 1893ರಲ್ಲಿ ಬರೆದ. ಕೆಳಗಾಲಿನ ಮೂಳೆ ಪಾದದ ಮೂಳೆಗೆ ತಾಗುವಲ್ಲಿ ಯುರೋಪಿಯನ್ನರಲ್ಲಿ ಸಾಮಾನ್ಯವಾಗಿ ಕಾಣದ ಪುಟ್ಟ ನಯವಾದ ಗುರುತುಗಳು ಅವುಗಳಲ್ಲಿದ್ದವು, ಕುಕ್ಕರಗಾಲಲ್ಲಿ ಕೂತು ಕೂತು ಆದವು. ಇವತ್ತಿಗೂ ಹಳೆಯ ಗೋರಿಗಳಲ್ಲಿ ಮೂಳೆ ಸಿಕ್ಕರೆ, ಆ ಮನುಷ್ಯ ಹೇಗೆ ಕೂರುತ್ತಿದ್ದ ಅಂತ ತಿಳಿಯಲು ಈ ಗುರುತನ್ನು ಹುಡುಕುತ್ತಾರೆ.

ಅಡಿಕೆ ಸುಲಿಯುವಲ್ಲಿ

ಇಷ್ಟೆಲ್ಲ ತಿಳಿದ ಮೇಲೆ ನನಗೆ ನೆನಪಾದದ್ದು ಸಾಗರದ ಕಡೆ ಬಂಧುಗಳ ಮನೆಯ ಕೊನೆಕೊಯ್ಲು. ಹಸಿ ಅಡಿಕೆಯನ್ನು ಬೇಗ ಸುಲಿದು ಬೇಯಿಸಬೇಕು, ಹಾಗೇ ಬಿಡುವಂತಿಲ್ಲ. ಈಗ ಯಂತ್ರ ಬಂದಿದೆ. ಆಗ ಸಂಜೆಯಾದರೆ ಅಕ್ಕಪಕ್ಕದ ಮನೆಯವರೆಲ್ಲ ಮೆಟ್ಟುಗತ್ತಿ ಹಿಡಿದುಕೊಂಡು ಬಂದು ಅಂಗಳದ ಚಪ್ಪರದ ಕೆಳಗೆ ಕೂರುತ್ತಿದ್ದರು. ನಡುವೆ ಅಡಿಕೆ ರಾಶಿ, ಸುತ್ತ ಹತ್ತಿಪ್ಪತ್ತು ಜನ, ಮೂಲೆಯಲ್ಲಿ ರೇಡಿಯೋ. ರಾತ್ರಿ ಎಷ್ಟು ಹೊತ್ತಾದರೂ ಕೈ ನಿಲ್ಲುತ್ತಿರಲಿಲ್ಲ. ನಾವು ಹುಡುಗರು ಪಂದ್ಯಕ್ಕೆ ಕೂತು ಸ್ವಲ್ಪ ಹೊತ್ತಿಗೇ ಕಾಲು ಜೋಮು ಹಿಡಿದು ಎದ್ದು ಕುಂಟುತ್ತಿದ್ದೆವು. ಅಜ್ಜಿಯರು ನಗುತ್ತಿದ್ದರು.

ಆ ಅಜ್ಜಿಯರಿಗೆ ಯಾಕೆ ಜೋಮು ಹಿಡಿಯುತ್ತಿರಲಿಲ್ಲ? ಅಭ್ಯಾಸ ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಆದರೆ ಈಗ ನೆನೆಸಿಕೊಂಡರೆ ಬೇರೆಯದೇ ಕಾಣುತ್ತದೆ. ಅವರು ಯಾರೂ ಸುಮ್ಮನೆ ಕೂತಿರಲಿಲ್ಲ. ಮೆಟ್ಟುಗತ್ತಿಯ ಹಲಗೆ ಒತ್ತಿ ಹಿಡಿಯಲು ಒಂದು ಕಾಲು ಮಡಚಿ, ಇನ್ನೊಂದರ ಮಂಡಿ ಎತ್ತಿ ಕೂತಿರುತ್ತಿದ್ದರು. ಸ್ವಲ್ಪ ಹೊತ್ತಿಗೆ ಆ ಎತ್ತಿದ ಕಾಲು ಉದ್ದಕ್ಕೆ ಚಾಚುತ್ತಿತ್ತು. ಆಮೇಲೆ ಎರಡೂ ಒಂದೇ ಪಕ್ಕಕ್ಕೆ ಬರುತ್ತಿದ್ದವು. ಬುಟ್ಟಿ ತುಂಬಿತು, ಎದ್ದು ಸುರಿದು ಬಂದರು. ಚಹಾ ಬಂತು, ಅತ್ತ ತಿರುಗಿ ಕುಕ್ಕರಗಾಲಲ್ಲಿ ಕೂತು ಕುಡಿದರು. ಮತ್ತೆ ಕೂತಾಗ ಮಡಚಿದ್ದು ಆ ಕಾಲಲ್ಲ, ಈ ಕಾಲು. ಮಾತು ನಿಲ್ಲುತ್ತಿರಲಿಲ್ಲ, ಕೈ ನಿಲ್ಲುತ್ತಿರಲಿಲ್ಲ, ಕಾಲು ಬದಲಾಗಿದ್ದು ಅವರಿಗೇ ಗೊತ್ತಿರುತ್ತಿರಲಿಲ್ಲ. ಪಂದ್ಯಕ್ಕೆ ಕೂತ ನಾವು ಮಾತ್ರ ಅಲುಗಬಾರದು ಅಂತ ಹಲ್ಲು ಕಚ್ಚಿಕೊಂಡಿರುತ್ತಿದ್ದೆವು.

ನನ್ನ ಪ್ರಕಾರ ಇದೇ ವಿಷಯದ ತಿರುಳು. ನೆಲದ ಮೇಲೆ ಕೂರುವುದು ಒಂದು ಭಂಗಿ ಅಲ್ಲ. ಒಂದರಿಂದ ಇನ್ನೊಂದಕ್ಕೆ ಜಾರುತ್ತಲೇ ಇರುವ ಹತ್ತಾರು ಭಂಗಿ. ಕೀಲಿನ ಮೂಳೆಗಳನ್ನು ಹೊದ್ದಿರುವ ಮೃದ್ವಸ್ಥಿಗೆ ರಕ್ತನಾಳ ಇಲ್ಲ. ಅದಕ್ಕೆ ಊಟ ಸಿಗುವುದು ಕೀಲಿನೊಳಗಿನ ದ್ರವದಿಂದ. ಒತ್ತಿದಾಗ ದ್ರವ ಹೊರಗೆ, ಬಿಟ್ಟಾಗ ಒಳಗೆ. ಒತ್ತಿ ಬಿಡದೇ ಇಟ್ಟರೆ ಆ ಜಾಗ ಹಸಿದಿರುತ್ತದೆ. ಜೋಮು ಹಿಡಿಯುವುದಕ್ಕೆ ಕಾರಣ ಬೇರೆ. ಮಂಡಿಯ ಹೊರಪಕ್ಕದಲ್ಲಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಒಂದು ಮೂಳೆಯ ಗುಬುಟು ಇದೆಯಲ್ಲ, ಅದರ ಪಕ್ಕದಲ್ಲೇ ಚರ್ಮದ ಕೆಳಗೆ ಒಂದು ನರ ಹಾದು ಹೋಗುತ್ತದೆ. ಅದು ಅದುಮಿಕೊಂಡರೆ ಪಾದದ ಮೇಲ್ಭಾಗ ಮರಗಟ್ಟುತ್ತದೆ. ಗಂಟೆಗಟ್ಟಲೆ ಅಲುಗದೆ ಕುಕ್ಕರಗಾಲಲ್ಲಿ ಗದ್ದೆ, ತೋಟದ ಕೆಲಸ ಮಾಡುವವರಲ್ಲಿ ಪಾದ ಎತ್ತಲೇ ಆಗದಂತಾಗುವುದೂ ಉಂಟು. ಅಂದರೆ ಚಡಪಡಿಕೆಗೆ ಅರ್ಥ ಇದೆ. ಶಾಲೆಯಲ್ಲಿ ‘ಅಲುಗಾಡದೆ ಕೂರು’ ಅಂತ ಗದರಿಸಿದವರ ಮೇಲೆ ನನಗೆ ಈಗ ಸ್ವಲ್ಪ ಸಿಟ್ಟಿದೆ.

ತಪ್ಪು ಸೊಂಟದ್ದು, ಪೆಟ್ಟು ಮಂಡಿಗೆ

ಚಕ್ಕಳಮಕ್ಕಳ ಹಾಕಿ ಕೂತಾಗ ನಾವು ನೋಡುವುದು ಮಂಡಿಯನ್ನು, ಕೆಲಸ ಮಾಡುವುದು ಸೊಂಟದ ಕೀಲು. ತೊಡೆ ಹೊರಕ್ಕೆ ತಿರುಗಿ ಪಕ್ಕಕ್ಕೆ ಬಿಚ್ಚಿಕೊಳ್ಳಬೇಕು. ಅಷ್ಟಾದರೆ ಮಂಡಿ ಸುಮ್ನೆ ಮಡಚಿಕೊಳ್ಳುತ್ತದೆ, ತೊಡೆ ನೆಲದ ಹತ್ತಿರ ಬರುತ್ತದೆ. ಕುರ್ಚಿಯಲ್ಲೇ ಬೆಳೆದವರಿಗೆ ಸೊಂಟ ಬಿಚ್ಚಿಕೊಳ್ಳುವುದಿಲ್ಲ. ಮಂಡಿ ಎರಡೂ ಮೇಲೆ ನಿಂತಿರುತ್ತವೆ, ಬೆನ್ನು ಗೂನಾಗುತ್ತದೆ. ಊಟದ ಪಂಕ್ತಿಯಲ್ಲಿ ಇಂಥವರು ಎಲೆಗೆ ಕೈ ಎಟುಕದೆ ಒದ್ದಾಡುವುದು ನೋಡಿದ್ದೀರಿ. ಅಷ್ಟರಲ್ಲೇ ಇದ್ದರೆ ಮಂಡಿಗೆ ಏನೂ ಆಗುವುದಿಲ್ಲ.

ಅಪಾಯ ಶುರುವಾಗುವುದು ಪದ್ಮಾಸನದಲ್ಲಿ. ಪಾದವನ್ನು ಎದುರು ತೊಡೆಯ ಮೇಲೆ ಎತ್ತಿಡಬೇಕು. ಸೊಂಟ ತಿರುಗಿದರೆ ಪಾದ ತಾನೇ ಅಲ್ಲಿಗೆ ಬರುತ್ತದೆ. ಸೊಂಟ ತಿರುಗದವನು ಏನು ಮಾಡುತ್ತಾನೆ? ಕೈಯಿಂದ ಪಾದ ಹಿಡಿದು ಎಳೆಯುತ್ತಾನೆ. ಆಗ ಕೆಳಗಾಲು ಒಂದು ಉದ್ದನೆಯ ಸನ್ನೆಕೋಲಾಗಿ, ಸೊಂಟ ಮಾಡದ ಕೆಲಸವನ್ನು ಮಂಡಿಯ ಮೇಲೆ ಹೇರುತ್ತದೆ. ಮಂಡಿಯ ಒಳಪಕ್ಕ ಅದುಮಿಕೊಂಡು, ಹೊರಪಕ್ಕ ಬಿಚ್ಚಿಕೊಳ್ಳುತ್ತದೆ. ಒಳಪಕ್ಕದಲ್ಲಿ ಇರುವುದು ಯಾರು? ಅದೇ ಬಿಗಿ ಮೆನಿಸ್ಕಸ್, ಈಗಾಗಲೇ ಹಿಂದೆ ಸಿಕ್ಕಿಕೊಂಡಿರುವುದು. ಮೈಸೂರಿನ ಯೋಗ ಶಾಲೆಗಳಿಗೆ ಹೊರದೇಶದಿಂದ ಬಂದವರು ವರ್ಷದೊಳಗೆ ಪದ್ಮಾಸನ ಹಾಕಿಯೇ ತೀರುತ್ತೇನೆ ಅಂತ ಹಟ ಹಿಡಿಯುವುದನ್ನು ಕೇಳಿದಾಗಲೆಲ್ಲ ನನಗೆ ಅವರ ಮಂಡಿಯ ಚಿಂತೆ. ಪದ್ಮಾಸನದಲ್ಲಿ ಮಂಡಿಯ ಒಳಪಕ್ಕ ಚುಚ್ಚಿದರೆ ಅದು ಸಾಧನೆಯ ನೋವಲ್ಲ. ಅಲ್ಲಿಗೆ ಬಿಡಬೇಕು.

ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದ ಯೋಗ ಗುರು ಬಿ.ಕೆ.ಎಸ್. ಅಯ್ಯಂಗಾರ್ ಈ ವಿಷಯದಲ್ಲಿ ಪ್ರಾಕ್ಟಿಕಲ್ ಮನುಷ್ಯ. ಕಂಬಳಿ, ಹಲಗೆ, ದಿಂಬು ಎಲ್ಲವನ್ನೂ ಯೋಗದ ಕೋಣೆಗೆ ತಂದರು. ಕೂರುವಾಗ ಹಿಂಭಾಗದ ಕೆಳಗೆ ಒಂದು ಮಡಚಿದ ಕಂಬಳಿ ಇಟ್ಟರೆ ಸೊಂಟ ಎತ್ತರವಾಗಿ ತೊಡೆ ಇಳಿಯಲು ಜಾಗ ಸಿಗುತ್ತದೆ, ಮಂಡಿಯ ಮೇಲಿನ ಒತ್ತಾಯ ಇಳಿಯುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ಮಣೆ ಇತ್ತು. ಊಟಕ್ಕೆ, ಪೂಜೆಗೆ, ಹಸೆಗೆ, ಎಲ್ಲಕ್ಕೂ ಮಣೆ. ಶಾಸ್ತ್ರಕ್ಕೆ ಇರಲಿ ಅಂತ ಅದನ್ನು ಮಾಡಿದ್ದಿರಬಹುದು. ಆ ಒಂದೆರಡು ಇಂಚು ಸೊಂಟಕ್ಕೆ ಮಾಡುವ ಉಪಕಾರ ಮಾತ್ರ ದೊಡ್ಡದು. ಅಪಾರ್ಟ್‌ಮೆಂಟಿಗೆ ಬಂದಾಗ ನಾವು ಮೊದಲು ಅಟ್ಟಕ್ಕೆ ಹಾಕಿದ್ದು ಮಣೆಯನ್ನೇ.

ಮಂಡಿ ಊರುವುದು

ಮಂಡಿ ಊರುವುದರಲ್ಲಿ ಎರಡು ಬಗೆ ಇದೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಒಂದು, ವಜ್ರಾಸನದ ಹಾಗೆ ಹಿಮ್ಮಡಿಯ ಮೇಲೆ ಕೂರುವುದು. ನಮಾಜಿನಲ್ಲಿ ಹಣೆ ನೆಲಕ್ಕೆ ತಾಗಿಸುವ ಸಜ್ದಾದಿಂದ ಎದ್ದು ಕೂರುವುದೂ ಹೆಚ್ಚುಕಡಿಮೆ ಹೀಗೇ. ಇಲ್ಲಿ ಮಂಡಿ ಪೂರ್ತಿ ಮಡಚಿದೆ, ಭಾರ ಹಿಮ್ಮಡಿಯ ಮೇಲೂ ಕೆಳಗಾಲಿನ ಉದ್ದಕ್ಕೂ ಹಂಚಿಕೊಂಡಿದೆ. ಚಿಪ್ಪು ನೆಲಕ್ಕೆ ತಾಗುತ್ತದೆಯೇ ಹೊರತು ಅದರ ಮೇಲೆ ಹೆಚ್ಚು ಭಾರ ಇಲ್ಲ. ಇನ್ನೊಂದು, ಮಂಡಿಯ ಮೇಲೆ ನೆಟ್ಟಗೆ ನಿಲ್ಲುವುದು. ಇಗರ್ಜಿಯಲ್ಲಿ ಪ್ರಾರ್ಥನೆಗೆ ನಿಂತ ಹಾಗೆ, ಟೈಲ್ಸ್ ಹಾಕುವವರು ಕೆಲಸ ಮಾಡುವ ಹಾಗೆ. ಇಲ್ಲಿ ಮಂಡಿ ಮಡಚಿದ್ದು 90 ಡಿಗ್ರಿಯಷ್ಟೇ. ಕೀಲಿಗೆ ಸುಲಭ, ಚರ್ಮಕ್ಕೆ ಕಷ್ಟ. ಮೈಭಾರವೆಲ್ಲ ಅಂಗೈಯಗಲದ ಜಾಗದ ಮೇಲೆ.

ಆ ಜಾಗ ಎಲ್ಲಿ ಅನ್ನುವುದು ನೀವು ಎಷ್ಟು ಮುಂದೆ ಬಗ್ಗಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಹಳೆಯ ಬ್ರಿಟಿಷ್ ಡಾಕ್ಟರುಗಳು ಇದನ್ನು ಕಾಯಿಲೆಯ ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ. ಚಿಪ್ಪಿನ ಎದುರಿಗಿರುವ ನೀರಿನ ಚೀಲ ಊದಿಕೊಂಡರೆ ‘ಹೌಸ್‌ಮೇಡ್ಸ್ ನೀ’. ಚಿಪ್ಪಿನ ಕೆಳಗಿನದು ಊದಿಕೊಂಡರೆ ‘ಕ್ಲರ್ಜಿಮನ್ಸ್ ನೀ’. ಕೆಲಸದಾಕೆ ಮುಂದಕ್ಕೆ ಬಗ್ಗಿ ನೆಲ ಉಜ್ಜುತ್ತಾಳೆ, ಭಾರ ಚಿಪ್ಪಿನ ಮೇಲೆ. ಪಾದ್ರಿ ನೆಟ್ಟಗೆ ನಿಂತು ಪ್ರಾರ್ಥಿಸುತ್ತಾರೆ, ಭಾರ ಚಿಪ್ಪಿನ ಕೆಳಗೆ, ಕೆಳಗಾಲಿನ ಮೂಳೆಯ ಗಂಟಿನ ಮೇಲೆ. ಊದುವುದು ಎರಡೂ ಸಲ ಕೀಲಿನ ಹೊರಗೆ. ನಮ್ಮಲ್ಲಿ ನೆಲ ಒರೆಸುವವರ ಮಂಡಿಯನ್ನು ಯಾರೂ ನೋಡುವುದಿಲ್ಲ. ಉದ್ದ ಕೋಲಿನ ಮಾಪ್ ಮನೆಯಲ್ಲಿ ಇದ್ದರೂ ‘ಕೈಯಲ್ಲಿ ಒರೆಸಿದರೇ ಚೊಕ್ಕ’ ಅನ್ನುವ ಮನೆಗಳು ಎಷ್ಟಿಲ್ಲ!

ಬಡಗುತಿಟ್ಟಿನ ಯಕ್ಷಗಾನ ನೋಡುವವರಿಗೆ ಇನ್ನೊಂದು ನೆನಪಾಗಿರಬೇಕು. ವೇಷಧಾರಿ ಮಂಡಿ ಹಾಕಿ ಗಿರಗಿರನೆ ರಂಗಸ್ಥಳ ಸುತ್ತುವಾಗ ಚಪ್ಪಾಳೆ ಬೀಳುತ್ತದೆ. ನಾನೂ ತಟ್ಟಿದ್ದೇನೆ. ಅಲ್ಲಿ ಮಂಡಿಗೆ ಬರೀ ಮಡಚುವ ಕೆಲಸ ಇಲ್ಲ, ಪ್ರತಿ ಸಲ ನೆಲಕ್ಕೆ ಬೀಳುವ ಪೆಟ್ಟೂ ಇದೆ, ಮೇಲೆ ಕಿರೀಟ, ಗೆಜ್ಜೆಯ ಭಾರ. ಅದು ಕಲೆ, ಅದಕ್ಕೆ ಬೆಲೆ ಕೊಡುವವರು ಕೊಡುತ್ತಾರೆ. ಚಾಪೆಯ ಮೇಲೆ ಕೂರುವುದರ ಲೆಕ್ಕಕ್ಕೆ ಅದನ್ನು ಸೇರಿಸಬಾರದು ಅಷ್ಟೇ.

ಗಂಟೆಗಳ ಲೆಕ್ಕ

ಹಾಗಾದರೆ ವಾಟ್ಸಾಪ್ ಹೇಳಿದ್ದೇ ಸರಿಯಾ? ಇಲ್ಲ. ಬೀಜಿಂಗಿನ ಹಿರಿಯರ ಮೇಲೆ ಒಂದು ದೊಡ್ಡ ಅಧ್ಯಯನ ನಡೆದಿದೆ. 25ನೇ ವಯಸ್ಸಿನಲ್ಲಿ ನೀವು ದಿನಕ್ಕೆ ಎಷ್ಟು ಹೊತ್ತು ಕುಕ್ಕರಗಾಲಲ್ಲಿ ಕೂರುತ್ತಿದ್ದಿರಿ ಅಂತ ಕೇಳಿ, ಅವರ ಮಂಡಿಯ ಎಕ್ಸ್‌ರೇ ಜೊತೆ ಹೋಲಿಸಿದರು. 2004ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ದಿನಕ್ಕೆ ಅರ್ಧ ಗಂಟೆಗಿಂತ ಕಡಿಮೆ ಕೂತವರಿಗಿಂತ ಮೂರು ಗಂಟೆ ಮೀರಿ ಕೂತವರಲ್ಲಿ ಮಂಡಿ ಸವೆತದ ಸಾಧ್ಯತೆ ಎರಡು ಪಟ್ಟಿನಷ್ಟು. ಅದೇ ಬೀಜಿಂಗಿನ ಹಿರಿಯರಲ್ಲಿ ಸೊಂಟದ ಕೀಲಿನ ಸವೆತ ಅಮೆರಿಕದ ಬಿಳಿಯರಿಗಿಂತ ಶೇ. 80ರಿಂದ 90ರಷ್ಟು ಕಡಿಮೆ ಅಂತ 2002ರಲ್ಲೇ ಬೇರೊಂದು ಲೇಖನ ತೋರಿಸಿತ್ತು. ಅದಕ್ಕೆ ಕುಕ್ಕರಗಾಲೇ ಕಾರಣ ಅಂತ ಯಾರೂ ಸಾಬೀತು ಮಾಡಿಲ್ಲ, ಮೂಳೆಯ ಆಕಾರವೂ ಇರಬಹುದು. ಹಾಗಾಗಿ ಅದನ್ನು ಇಟ್ಟುಕೊಂಡು ಹೊಸ ಫಾರ್ವರ್ಡ್ ಮಾಡಬೇಡಿ.

ನನಗೆ ಆ ಮೂರು ಗಂಟೆಯ ಗೆರೆ ಮುಖ್ಯ ಅನಿಸಿತು. ಊಟಕ್ಕೆ ಇಪ್ಪತ್ತು ನಿಮಿಷ ಕೂತವನು, ಮಗುವಿನ ಜೊತೆ ಆಡಲು ನೆಲಕ್ಕೆ ಇಳಿದವಳು ಒಂದು ಕಡೆ. ಬೀಡಿ ಕಟ್ಟುತ್ತಾ, ಹೂ ಕಟ್ಟುತ್ತಾ, ಕಳೆ ಕೀಳುತ್ತಾ ದಿನವಿಡೀ ಒಂದೇ ಮಡಿಕೆಯಲ್ಲಿ ಇರಬೇಕಾದವರು ಇನ್ನೊಂದು ಕಡೆ. ಮೊದಲನೆಯವರಿಗೆ ಮಂಡಿ ತನ್ನ ಪೂರ್ತಿ ಹರವನ್ನು ದಿನಕ್ಕೊಮ್ಮೆ ನೋಡುತ್ತದೆ. ಎರಡನೆಯವರಿಗೆ ಬೇಕಾದಾಗ ಕಾಲು ಬದಲಿಸುವ, ಏಳುವ ಸ್ವಾತಂತ್ರ್ಯ ಇಲ್ಲ. ಕೂಲಿ ಸಿಗುವುದು ಬೆರಳು ಮಾಡಿದ ಕೆಲಸದ ಲೆಕ್ಕಕ್ಕೆ. ನಡುವಯಸ್ಸು ದಾಟಿದ ಹೆಂಗಸರು ನೆಲದಿಂದ ಏಳುವಾಗ ಮಂಡಿಯ ಹಿಂದೆ ‘ಪಟ್’ ಅಂದಿತು, ಅವತ್ತಿನಿಂದ ನಡೆಯಲು ಆಗುತ್ತಿಲ್ಲ ಅಂತ ಡಾಕ್ಟರ ಬಳಿ ಬರುವುದು ಏಷ್ಯಾದಲ್ಲೆಲ್ಲ ಕಾಣುವ ಕಥೆ. ಎಷ್ಟೋ ಸಲ ಹರಿದಿರುವುದು ಒಳ ಮೆನಿಸ್ಕಸ್‌ನ ಹಿಂದಿನ ಬೇರು, ಅಂದರೆ ಅದು ಮೂಳೆಗೆ ಅಂಟಿಕೊಂಡಿರುವ ಜಾಗ. ಸಣ್ಣ ಚುಚ್ಚು ನೋವು ಅಂತ ಅದನ್ನು ಬಿಡಬಾರದು, ಬೇಗ ತೋರಿಸಬೇಕು.

ಏಳುವುದು

ಆ ‘ಪಟ್’ ಕೂತಾಗ ಕೇಳಿಸದೆ ಏಳುವಾಗಲೇ ಕೇಳಿಸುವುದನ್ನು ಗಮನಿಸಿ. ಚಿಪ್ಪಿನ ಹಿಂದೆ ಬೀಳುವ ಒತ್ತಡವನ್ನು 1972ರಲ್ಲೇ ಲೆಕ್ಕ ಹಾಕಿದ್ದಾರೆ. ಸಮನಾದ ನೆಲದಲ್ಲಿ ನಡೆಯುವಾಗ ಮೈತೂಕದ ಅರ್ಧ, ಮೆಟ್ಟಿಲಲ್ಲಿ 3.3 ಪಟ್ಟು, ಆಳವಾಗಿ ಬಗ್ಗಿ ಏಳುವಾಗ 7.6 ಪಟ್ಟು. ಕೆಳಗೆ ತಲುಪಿ ತೊಡೆ ಮೀನಖಂಡಕ್ಕೆ ಒರಗಿದ ಮೇಲೆ ವಿಶ್ರಾಂತಿ ಇದೆ. ಇಳಿಯುವ, ಏರುವ ದಾರಿಯ ನಡುವೆ, 90ರಿಂದ 120ರ ಆಸುಪಾಸಿನಲ್ಲಿ, ಆಸರೆ ಯಾವುದೂ ಇಲ್ಲ, ಸ್ನಾಯು ಒಂದೇ ಎಲ್ಲವನ್ನೂ ಹೊರಬೇಕು. ನೆಲ ಒಗ್ಗುವುದಿಲ್ಲ ಅನ್ನುವ ಎಷ್ಟೋ ಜನರಿಗೆ ಕೂರಲು ತೊಂದರೆಯೇ ಇಲ್ಲ, ಏಳಲು ತೊಡೆಯಲ್ಲಿ ಬಲ ಇಲ್ಲ. ಅದಕ್ಕೆ ಮದ್ದು ತೊಡೆ ಗಟ್ಟಿ ಮಾಡಿಕೊಳ್ಳುವುದು. ಮಂಡಿಗೆ ಎಣ್ಣೆ ತಿಕ್ಕುವುದರಿಂದ ಅದು ಬರುವುದಿಲ್ಲ.

2012ರಲ್ಲಿ ಬ್ರೆಜಿಲ್ಲಿನ ಡಾಕ್ಟರುಗಳು ಒಂದು ಪರೀಕ್ಷೆಯಿಂದ ಸುದ್ದಿಯಾದರು. ಕೈ, ಮಂಡಿ ಊರದೆ ನೆಲಕ್ಕೆ ಕೂತು ಎದ್ದರೆ ಹತ್ತಕ್ಕೆ ಹತ್ತು. ಊರಿದ್ದಕ್ಕೆಲ್ಲ ಒಂದೊಂದು ಅಂಕ ಕಟ್. ಕಡಿಮೆ ಅಂಕದವರು ಬೇಗ ಸಾಯುತ್ತಾರೆ ಅಂತ ಪತ್ರಿಕೆಗಳು ಹೆದರಿಸಿದವು. ಪರೀಕ್ಷೆ ಮಾಡಿಸಿಕೊಂಡವರು 51 ದಾಟಿದವರು. ಅವರಲ್ಲಿ ಕಡಿಮೆ ಅಂಕ ಬಂದದ್ದು ಒಟ್ಟು ದೇಹದ ಬಲಹೀನತೆಯ ಗುರುತು, ನೆಲಕ್ಕೆ ಕೂರದ ಶಿಕ್ಷೆ ಅಲ್ಲ. ಕೈ ಊರುವುದಕ್ಕೆ ಅಂಕ ಕಟ್ ಮಾಡುವುದನ್ನು ನಾನಂತೂ ಒಪ್ಪುವುದಿಲ್ಲ. ಕೈ ಇರುವುದೇ ಊರಲು. ನಮ್ಮ ಕಡೆಯ ಹಿರಿಯರು ಪಂಕ್ತಿಯಿಂದ ಏಳುವುದನ್ನು ನೋಡಿ. ಮೊದಲು ಒಂದು ಪಕ್ಕಕ್ಕೆ ವಾಲುತ್ತಾರೆ, ಅಂಗೈ ನೆಲಕ್ಕೆ ಊರುತ್ತಾರೆ, ಒಂದು ಮಂಡಿಯ ಮೇಲೆ ಬರುತ್ತಾರೆ, ಇನ್ನೊಂದು ಪಾದವನ್ನು ಮುಂದಿಟ್ಟು, ಆ ತೊಡೆಯ ಮೇಲೆ ಕೈ ಒತ್ತಿ ಎದ್ದು ನಿಲ್ಲುತ್ತಾರೆ. ತಿರುಚು ಇಲ್ಲ, ನೆಗೆತ ಇಲ್ಲ. ಮಂಡಿ ಮಡಚಿದ್ದಾಗಲೇ ಮೈ ತಿರುಗಿಸಿ ಏಳುವ ಹುಡುಗರಿಗಿಂತ ಇವರದ್ದು ಒಳ್ಳೆಯ ತಂತ್ರ.

ಕಲ್ಯಾಣ ಮಂಟಪದವರು ಈಚೆಗೆ ಟೇಬಲ್ ಸಾಲುಗಳ ಜೊತೆ ‘ಸಾಂಪ್ರದಾಯಿಕ ಪಂಕ್ತಿ’ ಅಂತ ಒಂದು ಜಮಖಾನೆ ಹಾಸುತ್ತಾರೆ, ಫೋಟೋಗೆ ಚೆನ್ನಾಗಿರುತ್ತದೆ ಅಂತ ಅದನ್ನು ಹಾಲಿನ ನಟ್ಟನಡುವೆ ಹಾಸುತ್ತಾರೆ. ಗೋಡೆಯ ಪಕ್ಕಕ್ಕೆ ಹಾಸಿ, ಕೆಳಗೆ ಒಂದೊಂದು ಮಣೆ ಕೊಟ್ಟು, ಎದ್ದೇಳಲು ಕೈಗೆ ಸಿಗುವಂತೆ ಏನಾದರೂ ಇಟ್ಟರೆ ಅಲ್ಲಿ ಕೂರುವವರು ಇನ್ನೂ ಜಾಸ್ತಿ ಆಗುತ್ತಾರೆ. ಮೊನ್ನೆ ಒಂದು ಮದುವೆಯಲ್ಲಿ ಮ್ಯಾನೇಜರಿಗೆ ಇದನ್ನು ಹೇಳಿದೆ. ಗೋಡೆ ಪಕ್ಕ ಕೈ ತೊಳೆಯುವವರ ಸಾಲು ಬರುತ್ತದೆ ಸಾರ್, ಆಗಲ್ಲ ಅಂದರು.